ಈ ನಾಡಿನ ಮೇಲೆ ಪ್ರೀತಿಯೂ ಇದೆ, ಸಿಟ್ಟೂ ಇದೆ. ನಿಮಗೂ ಹೀಗೆಯೇ?

ತುಂಗಾತೀರ, ಶಿವಮೊಗ್ಗ

ಬಹಳ ದಿನಗಳಿಂದ ಮನಸ್ಸನ್ನು ಕೊರೆಯುತ್ತಿರುವ ವಿಷಯವೊಂದನ್ನು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ. ಹುಟ್ಟಿದ್ದು, ಓದಿದ್ದು, ಈಗ ದುಡಿಯುತ್ತಿರುವುದು ಎಲ್ಲವೂ ಈ ನಾಡಿನಲ್ಲೇ. ಬಿಟ್ಟು ಹೋಗಬೇಕೆಂದು ಒಮ್ಮೆಯೂ ಅನ್ನಿಸಿಲ್ಲ. ಆದರೂ ಇಲ್ಲಿಯ ದಿನನಿತ್ಯದ ಬದುಕು ಹೇಗಿದೆ ಎಂದು ಯಾರಾದರೂ ಕೇಳಿದರೆ ನನ್ನ ಬಾಯಿಂದ ಒಂದೇ ಉತ್ತರ ಬರುವುದಿಲ್ಲ. ಬೆಳಿಗ್ಗೆ ಕೇಳಿದರೆ ಹೊಗಳುತ್ತೇನೆ. ಯಾವುದಾದರೂ ಕಚೇರಿಗೆ ಅಲೆದು ಬಂದ ಸಂಜೆ ಕೇಳಿದರೆ ಸಿಡಿದುಬೀಳುತ್ತೇನೆ.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. ಮರುವರ್ಷ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಉಕ್ಕಿ ಬೆಳಗಾವಿ, ಬಾಗಲಕೋಟೆ ಕಡೆಯ ಊರುಗಳು ಮುಳುಗಿದವು. ಎರಡೂ ಸಲ ನಮ್ಮ ಬೀದಿಯವರು ಯಾರೂ ಕರೆ ಕೊಡುವುದನ್ನು ಕಾಯದೆ ಅಕ್ಕಿ, ಹೊದಿಕೆ, ಔಷಧ ಕೂಡಿಸಿ ಲಾರಿ ತುಂಬಿದರು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆ ಬಳಿಕ ನೇತ್ರದಾನಕ್ಕೆ ಹೆಸರು ಬರೆಸಲು ರಾಜ್ಯದ ಮೂಲೆಮೂಲೆಯಿಂದ ಜನ ಮುಂದೆ ಬಂದರು. ದುಃಖವನ್ನು ದಾನವಾಗಿ ತಿರುಗಿಸುವ ಇಂಥ ಜನರ ನಡುವೆ ಬದುಕುತ್ತಿದ್ದೇನೆ ಎಂಬುದು ನನಗೆ ನಿಜವಾದ ಹೆಮ್ಮೆ.

ಇನ್ನು ಸಿಟ್ಟಿನ ಮಾತು. ಇಲ್ಲಿ ಪರಿಚಯವಿಲ್ಲದೆ ಯಾವ ಕೆಲಸವೂ ಸಲೀಸಾಗಿ ಆಗುವುದಿಲ್ಲ. ಶಾಲೆಯ ಸೀಟಿರಲಿ, ಖಾತೆ ಬದಲಾವಣೆ ಇರಲಿ, ಆಸ್ಪತ್ರೆಯ ಹಾಸಿಗೆ ಇರಲಿ, ಮನೆಯಲ್ಲಿ ಮೊದಲು ಕೇಳುವ ಪ್ರಶ್ನೆ "ಅಲ್ಲಿ ನಮಗೆ ಗೊತ್ತಿರುವವರು ಯಾರಾದರೂ ಇದ್ದಾರೆಯೇ?" ಎಂಬುದು. ನಮ್ಮ ತಂದೆಗೆ ದೊಡ್ಡ ಆಸ್ಪತ್ರೆಯೊಂದರಲ್ಲಿ ಪರೀಕ್ಷೆ ಮಾಡಿಸಬೇಕಾಗಿತ್ತು. ಕೊಟ್ಟ ದಿನಾಂಕ ತಿಂಗಳಾಚೆಯದು. ಭಾವನ ಗೆಳೆಯರೊಬ್ಬರು ಫೋನ್ ಮಾಡಿದರು, ಅದೇ ವಾರ ಕರೆದರು. ನಮ್ಮ ಪಕ್ಕದಲ್ಲಿ ಚೀಟಿ ಹಿಡಿದು ಕುಳಿತಿದ್ದ ಯಾದಗಿರಿ ಕಡೆಯ ಹಿರಿಯರಿಗೆ ಫೋನ್ ಮಾಡುವವರು ಯಾರೂ ಇರಲಿಲ್ಲ.

ಆ ಗೆಳೆಯರು ಒಳ್ಳೆಯವರು. ಒಂದು ರೂಪಾಯಿ ಮುಟ್ಟಲಿಲ್ಲ, ನಮ್ಮ ಸಂಕಟ ನೋಡಲಾರದೆ ಮಾಡಿದರು. ನನ್ನನ್ನು ಕಾಡುತ್ತಿರುವುದೇ ಇದು. ಪ್ರವಾಹಕ್ಕೆ ಲಾರಿ ತುಂಬಿಸುವ ಗುಣ ಮತ್ತು ಆ ಹಿರಿಯರನ್ನು ಹಿಂದಕ್ಕೆ ತಳ್ಳುವ ಗುಣ ಒಂದೇ ಬೇರಿನಿಂದ ಬಂದಿವೆಯೇನೋ ಎಂಬ ಅನುಮಾನ ನನಗೆ. ಕಣ್ಣೆದುರಿನ ಮುಖಕ್ಕೆ ನಾವು ಕರಗುತ್ತೇವೆ. ಕಾಣದವರಿಗೆ ಸಲ್ಲಬೇಕಾದದ್ದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಊರುಗಳಲ್ಲಿ, ನಿಮ್ಮ ಕೆಲಸಗಳಲ್ಲಿ ಹೇಗಿದೆ? ದಯವಿಟ್ಟು ನಿಮ್ಮ ಅನುಭವದಿಂದ ಬರೆಯಿರಿ. "ದೇಶವೇ ಹೀಗೆ" ಎಂಬ ಒಂದು ಸಾಲಿನ ಉತ್ತರ ನನಗೆ ಬೇಡ.

ನಿವೃತ್ತ ಗ್ರಾಮಲೆಕ್ಕಿಗ, ಹಾಸನ

ತಾಯಿ, ನಿಮ್ಮ ಪ್ರಶ್ನೆಗೆ ನನ್ನ ಇಡೀ ಸೇವಾವಧಿಯೇ ಉತ್ತರ. ಈಗ ಆ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಎಂದು ಹೆಸರು. ನನ್ನ ಕಾಲದಲ್ಲಿ ಗ್ರಾಮಲೆಕ್ಕಿಗ, ಹಳ್ಳಿಯವರ ಬಾಯಲ್ಲಿ ಇನ್ನೂ ಶಾನುಭೋಗರೇ.

ಆಗ ಪಹಣಿ, ಅಂದರೆ ಜಮೀನಿನ ಹಕ್ಕಿನ ದಾಖಲೆ, ನಮ್ಮ ಕೈಬರಹ. ಪುಸ್ತಕ ನಮ್ಮ ಚೀಲದಲ್ಲಿ ಇರುತ್ತಿತ್ತು. ಬೆಳೆಸಾಲಕ್ಕೆ ಪಹಣಿ ಬೇಕಾದ ರೈತ ನಮ್ಮನ್ನು ಸಂತೆಯಲ್ಲಿ, ಮದುವೆ ಮನೆಯಲ್ಲಿ, ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಹುಡುಕಿಕೊಂಡು ಬರಬೇಕಾಗಿತ್ತು. ಸಂಬಂಧಿಕನಾದರೆ ಅಲ್ಲಿಯೇ ಬರೆದುಕೊಡುತ್ತಿದ್ದರು. ಊರಿನ ಗೌಡರ ಕಡೆಯವನಾದರೆ ಮನೆಗೇ ಹೋಗಿ ಕೊಡುತ್ತಿದ್ದರು. ಯಾರೂ ಅಲ್ಲದವನು "ನಾಳೆ ಬಾ" ಎಂಬ ಮಾತು ಕೇಳಿಕೊಂಡು ಹೋಗುತ್ತಿದ್ದ. ಲಂಚಕ್ಕಿಂತ ಹೆಚ್ಚಾಗಿ ನಾನು ಕಂಡದ್ದು ಈ ಮುಖನೋಟವನ್ನು.

ಆಮೇಲೆ ಭೂಮಿ ಯೋಜನೆ ಬಂತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಹೋದವು. ತಾಲ್ಲೂಕು ಕೇಂದ್ರದ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟವನಿಗೆ ಅವನು ಯಾರೆಂದು ಕೇಳದೆ ಮುದ್ರಿತ ಪಹಣಿ ಕೈಗೆ ಬರತೊಡಗಿತು. ನನ್ನ ಜೊತೆಯವರಲ್ಲಿ ಕೆಲವರಿಗೆ ಅದು ಮಾನ ಹೋದಂತೆ ಕಂಡಿತು. ನನಗೆ ಹೆಗಲ ಮೇಲಿನ ಹೊರೆ ಇಳಿದಂತಾಯಿತು. ಇಡೀ ಸೇವೆಯಲ್ಲಿ ನಾನು ಕಣ್ಣಾರೆ ಕಂಡ ನ್ಯಾಯ ಅದೊಂದೇ ಎಂದರೂ ತಪ್ಪಾಗಲಾರದು.

ಆದರೆ ಪೋಡಿಯ, ಅಂದರೆ ಜಂಟಿ ಜಮೀನನ್ನು ಅಳೆದು ಪಾಲಿನಂತೆ ಬೇರೆ ಮಾಡುವ ಕೆಲಸದ, ವಿಷಯ ನೋಡಿ. ಒಂದೇ ಸರ್ವೆ ನಂಬರಿನಲ್ಲಿ ಆರೇಳು ಹೆಸರುಗಳು, ಅಣ್ಣತಮ್ಮಂದಿರು ಬೇರೆಯಾಗಿ ದಶಕಗಳೇ ಕಳೆದಿವೆ, ನಕ್ಷೆ ಮಾತ್ರ ಒಂದೇ. ಭೂಮಾಪಕರು ಹೊಲಕ್ಕೆ ಬಂದು ಅಳತೆ ಮಾಡದ ಹೊರತು ಅದು ಒಡೆಯುವುದಿಲ್ಲ. ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಮೂಲ ಕಡತವೇ ಸಿಗದೆ ಅರ್ಜಿ ಕೊಳೆಯುತ್ತದೆ. ಮನುಷ್ಯ ಬಂದು ನಿಲ್ಲಬೇಕಾದ ಕಡೆಯೆಲ್ಲ ಪರಿಚಯ ಮತ್ತೆ ತಲೆ ಎತ್ತುತ್ತದೆ. ಆದ್ದರಿಂದ ನಮ್ಮ ಜನ ಕೆಟ್ಟವರು ಎಂದು ನಾನು ಒಪ್ಪುವುದಿಲ್ಲ. ಮುಖ ನೋಡದೆ ಕೆಲಸ ಆಗುವ ವ್ಯವಸ್ಥೆಯನ್ನು ಅರ್ಧಕ್ಕೆ ಕಟ್ಟಿ ಬಿಟ್ಟಿದ್ದೇವೆ, ಅಷ್ಟೇ.

ಕುಂದಾಪುರದವನು, ದೋಹಾ

ಹಾಸನದ ಹಿರಿಯರು ಹೇಳಿದ್ದಕ್ಕೆ ಇನ್ನೊಂದು ಉದಾಹರಣೆ ಸೇರಿಸುತ್ತೇನೆ. ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ಮೊದಲು ಪ್ರಯೋಗವಾಗಿ ಆರಂಭವಾದದ್ದು ನಮ್ಮ ರಾಜ್ಯದಲ್ಲೇ, 2010ರ ಸುಮಾರಿಗೆ. ಅದಕ್ಕೂ ಮೊದಲು ಪಾಸ್‌ಪೋರ್ಟ್ ಮಾಡಿಸಿಕೊಂಡ ಕರಾವಳಿಯವರನ್ನು ಕೇಳಿ, ದಲ್ಲಾಳಿಗಳ ಕಥೆಯನ್ನು ಅವರು ರಾತ್ರಿಯಿಡೀ ಹೇಳಬಲ್ಲರು. ಈಗ ಟೋಕನ್ ಸಂಖ್ಯೆ ಪರದೆಯ ಮೇಲೆ ಮೂಡುತ್ತದೆ, ಆ ಸಂಖ್ಯೆಯವರು ಎದ್ದು ಹೋಗುತ್ತಾರೆ. ಅದೇ ಊರು, ಅದೇ ಜನ. ರೈಲು ನಿಲ್ದಾಣದಲ್ಲಿ ನುಗ್ಗುವವರೇ ಅಲ್ಲಿ ತಾಳ್ಮೆಯಿಂದ ಕೂರುತ್ತಾರೆ.

ಇಲ್ಲಿ, ಕತಾರ್‌ನಲ್ಲಿ, ಎಲ್ಲವೂ ಅಚ್ಚುಕಟ್ಟು. ರಸ್ತೆ ಚೆನ್ನಾಗಿದೆ, ನಿಯಮ ಮೀರಿದರೆ ದಂಡ ಖಚಿತ. ಊರಿಗೆ ರಜೆಯಲ್ಲಿ ಬಂದವರು "ಅಲ್ಲಿ ನೋಡಿ ಹೇಗಿದೆ" ಎಂದು ಉಪದೇಶ ಮಾಡುವುದನ್ನು ನೀವೂ ಕೇಳಿರುತ್ತೀರಿ. ನನಗೆ ಆ ಮಾತು ಹಿಡಿಸುವುದಿಲ್ಲ. ಎಷ್ಟು ವರ್ಷ ದುಡಿದರೂ ನನ್ನಂಥವರಿಗೆ ಇಲ್ಲಿ ನಾಗರಿಕರಾಗುವ ದಾರಿ ಇಲ್ಲವೆಂದೇ ಹೇಳಬೇಕು. ಕೆಲಸ ಮುಗಿದರೆ ವೀಸಾ ಮುಗಿಯಿತು. ರಸ್ತೆಯ ಗುಂಡಿಯ ಬಗ್ಗೆ ಪಂಚಾಯಿತಿ ಸದಸ್ಯರ ಮನೆಯ ಮುಂದೆ ನಿಂತು ದನಿ ಎತ್ತಿ ಕೇಳುವ ಹಕ್ಕು ನನಗಿರುವುದು ಭೂಮಿಯ ಮೇಲೆ ಒಂದೇ ಕಡೆ, ನಮ್ಮೂರಿನಲ್ಲಿ. ಊರಿನ ಮೇಲಿನ ನನ್ನ ಸಿಟ್ಟನ್ನು ನಾನು ಬಿಡದೆ ಇಟ್ಟುಕೊಂಡಿರುವುದು ಅದಕ್ಕಾಗಿಯೇ.

ಕೃಷ್ಣೆಯ ದಂಡೆಯವನು, ಬೆಂಗಳೂರು

ರಾಯಚೂರು ಜಿಲ್ಲೆಯ ಹಳ್ಳಿಯವನು ನಾನು, ಈಗ ಬೆಂಗಳೂರಿನಲ್ಲಿದ್ದೇನೆ. ಮೇಲಿನ ಮೂವರೂ ಪರಿಚಯವಿಲ್ಲದವನಿಗೆ ಆಗುವ ಅನ್ಯಾಯದ ಬಗ್ಗೆ ಬರೆದಿದ್ದೀರಿ. ನಾನು ಪರಿಚಯ ಇರುವುದರಿಂದಲೇ ಆಗುವ ಅನ್ಯಾಯದ ಬಗ್ಗೆ ಬರೆಯಬೇಕಾಗಿದೆ.

ನಮ್ಮ ಊರಿನಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲರು. ನನ್ನನ್ನು ಬಲ್ಲರು ಎಂದರೆ ನನ್ನ ಕೇರಿಯನ್ನು ಬಲ್ಲರು. ಹೋಟೆಲಿನಲ್ಲಿ ಚಹಾದ ಲೋಟ ಬೇರೆ ಇತ್ತು. ಕ್ಷೌರಕ್ಕೆ ನನ್ನ ತಂದೆ ಬಸ್ ಹಿಡಿದು ಪಟ್ಟಣಕ್ಕೆ ಹೋಗುತ್ತಿದ್ದರು, ಏಕೆಂದರೆ ಅಲ್ಲಿಯ ಕ್ಷೌರಿಕರಿಗೆ ಅವರು ಯಾರೆಂದು ಗೊತ್ತಿರಲಿಲ್ಲ. ಇದು ಹಳೆಯ ಕಾಲದ ಮಾತು ಎನ್ನುವವರಿಗೆ ಎರಡು ಊರುಗಳ ಹೆಸರು ಹೇಳುತ್ತೇನೆ. 2014ರಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಮನೆಗಳಿಗೆ ಬೆಂಕಿ ಹಚ್ಚಿದರು. ಕ್ಷೌರದಂಗಡಿಗೆ, ಹೋಟೆಲಿಗೆ ಪ್ರವೇಶ ಇಲ್ಲದ್ದನ್ನು ಪ್ರಶ್ನಿಸಿದ್ದು ಆ ಜಗಳದ ಹಿನ್ನೆಲೆಯಲ್ಲಿ ಇತ್ತು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅದೇ ಜಿಲ್ಲೆಯ ಮಿಯಾಪುರದಲ್ಲಿ 2021ರಲ್ಲಿ ಎರಡು ವರ್ಷದ ದಲಿತ ಮಗು ಮಳೆ ಬಂದಾಗ ದೇವಸ್ಥಾನದೊಳಗೆ ಓಡಿತು ಎಂಬ ಕಾರಣಕ್ಕೆ ಕುಟುಂಬದಿಂದ ದಂಡ ಕೇಳಿದರು. ಎರಡು ವರ್ಷದ ಮಗು. ಆ ಊರಿನಲ್ಲಿಯೂ ಎಲ್ಲರಿಗೂ ಎಲ್ಲರೂ ಪರಿಚಯವೇ.

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನು ಅಜ್ಞಾನದ ಗೂಡು ಎಂದು ಕರೆದು, ಸಂವಿಧಾನದ ಕರಡು ಹಳ್ಳಿಯನ್ನು ಕೈಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಹಿಡಿದಿರುವುದಕ್ಕೆ ಸಂತೋಷಪಟ್ಟಿದ್ದರು. ಬೆಂಗಳೂರಿಗೆ ಬಂದ ಮೊದಲ ವರ್ಷ ಆ ಮಾತು ನನ್ನ ಮೈಗೆ ಅರ್ಥವಾಯಿತು. ಮೆಟ್ರೋದಲ್ಲಿ ಪಕ್ಕದಲ್ಲಿ ಕುಳಿತವರಿಗೆ ನಾನು ಯಾರೂ ಅಲ್ಲ. ದರ್ಶಿನಿಯಲ್ಲಿ ಎಲ್ಲರ ಲೋಟವನ್ನೂ ಒಂದೇ ತೊಟ್ಟಿಯಲ್ಲಿ ತೊಳೆಯುತ್ತಾರೆ. ನಿಮ್ಮಲ್ಲಿ ಅನೇಕರು ಬೆಂಗಳೂರಿನಲ್ಲಿ ಯಾರಿಗೆ ಯಾರೂ ಇಲ್ಲ ಎಂದು ಬೇಸರಪಡುತ್ತೀರಿ. ನನಗೆ ಅದರಷ್ಟು ದೊಡ್ಡ ಬಿಡುಗಡೆ ಬೇರೆ ಇರಲಿಲ್ಲ.

ಬಾಡಿಗೆ ಮನೆ ಹುಡುಕುವ ತನಕ. ಮನೆಯ ಒಡತಿ ಮುಂಗಡದ ಮಾತು ಮುಗಿಸಿ ಕೊನೆಗೆ ನಿಧಾನವಾಗಿ ಕೇಳಿದರು: "ನಿಮ್ಮ ಮನೆದೇವರು ಯಾವುದು?" ಜಾತಿಯ ಹೆಸರನ್ನು ಅವರು ಬಾಯಿಗೆ ತರಲಿಲ್ಲ. ಮರುದಿನ ಮನೆ ಬೇರೆಯವರಿಗೆ ಹೋಗಿದೆ ಎಂದರು. ಫಲಕ ಮಾತ್ರ ಆ ತಿಂಗಳೆಲ್ಲ ಗೇಟಿನ ಮೇಲೆ ತೂಗುತ್ತಿತ್ತು.

ಇಷ್ಟೆಲ್ಲ ಹೇಳಿಯೂ ಊರನ್ನು ದ್ವೇಷಿಸಲು ನನ್ನಿಂದ ಆಗುವುದಿಲ್ಲ. ಮೊಹರಂ ಬಂದರೆ ಮುದಗಲ್ಲಿಗೆ ಹೋಗದೆ ಇರಲಾರೆ. ಎಲ್ಲ ಜಾತಿ ಧರ್ಮದವರೂ ಹಸ್ತದ ಆಕಾರದ ಪಂಜಾಗಳಿಗೆ ಹರಕೆ ಹೊರುವ, ಮೊಹರಂನ ಅಲಾಯಿ ಕುಣಿತ ಕುಣಿಯುವ ಆ ರಾತ್ರಿಗಳು ನನ್ನ ರಕ್ತದಲ್ಲಿವೆ. ತತ್ವಪದ ಹಾಡುವ ನಮ್ಮ ಕೇರಿಯ ಹಿರಿಯರ ದನಿ ಕೇಳಿದರೆ ಬೆಂಗಳೂರು ಮರೆತುಹೋಗುತ್ತದೆ. ತುಂಗಾತೀರ ಅವರೇ, ನಿಮ್ಮ ಪ್ರೀತಿ ಮತ್ತು ಸಿಟ್ಟು ಒಂದೇ ಬೇರಿನವು ಎಂದಿರಿ. ನನ್ನವು ಹಾಗಲ್ಲ. ನನ್ನ ಪ್ರೀತಿ ಆ ಮಣ್ಣಿನ ಹಾಡು, ಹಬ್ಬ, ಜೋಳದ ಹೊಲದ ಮೇಲೆ. ಸಿಟ್ಟು ಅಲ್ಲಿಯ ಕೇರಿಗಳ ಗಡಿಯ ಮೇಲೆ. ಎರಡನ್ನೂ ಬೆರೆಸಿ ಒಂದೇ ಮಾಡಲು ನಾನು ಬಿಡುವುದಿಲ್ಲ.

ತುಂಗಾತೀರ, ಶಿವಮೊಗ್ಗ

ನಿಮ್ಮ ಬರಹವನ್ನು ಎರಡು ಸಲ ಓದಿದೆ. ಮುಖ ನೋಡದ ವ್ಯವಸ್ಥೆ ಬೇಕು ಎಂಬಲ್ಲಿ ಹಾಸನದವರೂ ನೀವೂ ಬೇರೆ ಬೇರೆ ದಾರಿಯಿಂದ ಬಂದು ಸೇರಿದ್ದೀರಿ. ನನಗೆ ಈಗ ಇನ್ನೊಂದು ಭಯ. ಮುಖವನ್ನೇ ನೋಡದ ಊರಿನಲ್ಲಿ ರಸ್ತೆಯಲ್ಲಿ ಬಿದ್ದವನನ್ನು ಎತ್ತುವವರು ಇರುತ್ತಾರೆಯೇ? ಇದಕ್ಕೆ ಯಾರಾದರೂ ಉತ್ತರ ಕೊಡಬೇಕು.

ಕೋಲಾರದ ಟೈಲರ್

ಅಕ್ಕ, ಇರುತ್ತಾರೆ. ನಾನು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುವವಳು. ಕಿಕ್ಕಿರಿದ ಬಸ್ಸಿನಲ್ಲಿ ಮಗು ಎತ್ತಿಕೊಂಡ ಹೆಂಗಸು ಹತ್ತಿದರೆ ಕುಳಿತವರು ಕೈ ಚಾಚಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾರೆ. ಹೆಸರು ಕೇಳುವುದಿಲ್ಲ, ಊರು ಕೇಳುವುದಿಲ್ಲ. ತಾಯಿ ನಾಲ್ಕು ಸಾಲು ಹಿಂದೆ ನಿಂತಿರುತ್ತಾಳೆ, ಇಳಿಯುವಾಗ ಕಿಟಕಿಯಿಂದ ಮಗುವನ್ನು ದಾಟಿಸುತ್ತಾರೆ. ಊಟದ ಡಬ್ಬಿ, ತರಕಾರಿ ಚೀಲ ಎಲ್ಲವೂ ಹೀಗೆಯೇ ಗುರುತಿಲ್ಲದವರ ಕಾಲ ಬಳಿ ಪ್ರಯಾಣ ಮಾಡುತ್ತವೆ. ಯಾರೂ ಕಳೆದುಕೊಂಡದ್ದನ್ನು ನಾನು ಕಂಡಿಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಶೂನ್ಯ ಟಿಕೆಟ್. ಮೊದಲು ಬಸ್ ಪಾಸಿಗೆ ಕೊಡುತ್ತಿದ್ದ ಹಣ ಈಗ ಮಗಳ ಟ್ಯೂಷನ್ನಿಗೆ ಹೋಗುತ್ತದೆ. ಅಮ್ಮ ತನ್ನ ತಂಗಿಯನ್ನು ನೋಡಲು ಯಾರ ಬಳಿಯೂ ಹಣ ಕೇಳದೆ ಹೋಗಿ ಬರುತ್ತಾಳೆ. ಇದಕ್ಕಾಗಿ ಈ ರಾಜ್ಯದ ಮೇಲೆ ನನಗೆ ಪ್ರೀತಿ ಇದೆ. ಆದರೆ ಅದೇ ಬಸ್ಸಿನಲ್ಲಿ "ಪುಕ್ಕಟೆ ಸಿಕ್ಕಿತೆಂದು ಮನೆ ಬಿಟ್ಟು ಬಂದಿದ್ದಾರೆ" ಎಂಬ ಮಾತನ್ನು ವಾರದಲ್ಲಿ ಒಮ್ಮೆಯಾದರೂ ಕೇಳಬೇಕು. ದಿನವಿಡೀ ಯಂತ್ರದ ಮುಂದೆ ಕುಳಿತು ಬೆನ್ನು ನೋವಿನಿಂದ ಬರುವ ಹೆಂಗಸರಿಗೆ ಈ ಮಾತು. ಬಸ್ಸುಗಳನ್ನು ಹೆಚ್ಚಿಸಿ ಎಂದು ಕೇಳಬೇಕಾದವರು ನಮ್ಮ ಮೇಲೆ ಹಾಯುತ್ತಾರೆ.

ಇನ್ನೊಂದು ವಿಷಯ. 2016ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿಯ ಹಣವನ್ನು ಪೂರ್ತಿ ತೆಗೆಯಲು ಬಿಡದ ನಿಯಮ ಬಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ರಸ್ತೆಗೆ ಇಳಿದರು. ಹೊಸೂರು ರಸ್ತೆ ನಿಂತುಹೋಯಿತು. ಕೇಂದ್ರ ಸರ್ಕಾರ ಆ ನಿಯಮವನ್ನೇ ಕೈಬಿಟ್ಟಿತು. ಅಲ್ಲಿ ಸೇರಿದವರಿಗೆ ಪರಸ್ಪರ ಪರಿಚಯವಿರಲಿಲ್ಲ, ಕಾರ್ಖಾನೆಗಳೂ ಬೇರೆ ಬೇರೆ. ಆದ್ದರಿಂದ ಕಾಣದವರಿಗಾಗಿ ಯಾರೂ ನಿಲ್ಲುವುದಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಒಂದೇ ಕಷ್ಟ ಇರುವವರು ನಿಲ್ಲುತ್ತಾರೆ.

ಬೆಳ್ಳಂದೂರು ನಿವಾಸಿ, ಬೆಂಗಳೂರು

ಒಂದೇ ಕಷ್ಟ ಇರುವವರು ನಿಲ್ಲುತ್ತಾರೆ ಎಂಬುದು ಸರಿ. ನಮ್ಮ ಕಷ್ಟವನ್ನು ಬೇರೆಯವರ ಹಿತ್ತಿಲಿಗೆ ಸಾಗಿಸಿದ ಮೇಲೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನಲ್ಲಿ ನೋಡಬೇಕು. ನಮ್ಮ ಕಸ ವರ್ಷಗಟ್ಟಲೆ ನಗರದಾಚೆಯ ಮಂಡೂರು ಎಂಬ ಹಳ್ಳಿಗೆ ಹೋಯಿತು. ಅಲ್ಲಿಯ ಜನ ನಾರುವ ಗಾಳಿ, ಕೆಟ್ಟ ನೀರು ಅನುಭವಿಸಿ, ರಸ್ತೆ ತಡೆದು, 2014ರ ಕೊನೆಗೆ ಅದನ್ನು ನಿಲ್ಲಿಸಬೇಕಾಯಿತು. ಅಷ್ಟು ವರ್ಷ ಮಂಡೂರು ಎಲ್ಲಿದೆ ಎಂದು ನಮ್ಮ ಬಡಾವಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾನು ಇರುವುದು ಬೆಳ್ಳಂದೂರು ಕೆರೆಯ ಬಳಿ. 2018ರ ಜನವರಿಯಲ್ಲಿ ಈ ಕೆರೆಯಂಗಳಕ್ಕೆ ಬಿದ್ದ ಬೆಂಕಿ ಆರಿಸಲು ಸೇನೆಯವರು ಬರಬೇಕಾಯಿತು. ನೊರೆ ರಸ್ತೆಗೆ ಹಾರಿ ಬರುತ್ತಿತ್ತು. ಕೆರೆಗೆ ಯಾರೋ ಹೊರಗಿನವರು ವಿಷ ಹಾಕಿದ್ದಲ್ಲ. ಊರಿನ ಕೊಳಚೆ, ಮನೆಮನೆಯ ಸಾಬೂನು ನೀರು ಸಂಸ್ಕರಣೆಯಾಗದೆ ಸೇರಿದ್ದು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗಾಗಿ ಒಬ್ಬರನ್ನೊಬ್ಬರು ಮೀರಿ ಫೋನ್ ಮಾಡಿದೆವು. ಆ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರು ಕೊಡುವ ಯೋಜನೆ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಆಸುಪಾಸು ದೂರ, ಎತ್ತರಕ್ಕೆ ಪಂಪು ಮಾಡಿ ತರುವ ನೀರು ಅದು. ಬಂದ ದಿನ ನಮ್ಮ ಸಮುಚ್ಚಯದಲ್ಲಿ ಸಿಹಿ ಹಂಚಿದರು. ಕೊಳಾಯಿಯ ಆ ತುದಿಯಲ್ಲಿ ನದಿಯಿದೆ, ನದಿಯ ದಂಡೆಯಲ್ಲಿ ಬೇಸಿಗೆ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ ಎಂದು ಕಾಯುವ ಮಂಡ್ಯದ ರೈತರಿದ್ದಾರೆ ಎಂಬುದು ಆ ದಿನ ಯಾರ ಮಾತಿನಲ್ಲೂ ಬರಲಿಲ್ಲ.

ಈ ನಗರ ನನಗೆ ಅನ್ನ ಕೊಟ್ಟಿದೆ. ಬೀದಿಯಲ್ಲಿ ಐದು ಭಾಷೆ ಕೇಳುತ್ತದೆ, ನನ್ನ ಮಕ್ಕಳಿಗೆ ಅವುಗಳಲ್ಲಿ ಮೂರಾದರೂ ಬರುತ್ತವೆ. ಬೆಳಗಿನ ಕಬ್ಬನ್ ಪಾರ್ಕ್, ಕಡಲೆಕಾಯಿ ಪರಿಷೆ, ಬೇಸಿಗೆಯ ಮೊದಲ ಮಳೆ, ಇವನ್ನು ಬಿಟ್ಟು ಇರಲಾರೆ. 2025ರ ಮೇ 1ರಂದು 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕದ ಆದೇಶ ಕೊಟ್ಟಾಗ, ನಮ್ಮ ಬೀದಿ ಗುಡಿಸುವ ಅಮ್ಮನ ಮುಖ ನೋಡಿ ನಿಜಕ್ಕೂ ಸಂತೋಷವಾಯಿತು.

ಕೋಲಾರದ ಟೈಲರ್

ಬೆಳ್ಳಂದೂರು ಸರ್, ನಿಮ್ಮ ಕೊಳಚೆ ಈಗ ಎಲ್ಲಿಗೆ ಹೋಗುತ್ತದೆ ಗೊತ್ತೇ? ನಮ್ಮ ಊರಿನ ಕೆರೆಗೆ ಬರುತ್ತದೆ. ಜಗಳಕ್ಕೆ ಹೇಳುತ್ತಿಲ್ಲ, ಇದು ನಮ್ಮಿಬ್ಬರಿಗೂ ಸೇರಿದ ವಿಷಯ.

ಕೋಲಾರಕ್ಕೆ ಸದಾ ಹರಿಯುವ ನದಿ ಇಲ್ಲ. ಕೆರೆಗಳೇ ಆಧಾರ, ಅವೂ ವರ್ಷಗಟ್ಟಲೆ ಒಣಗಿದ್ದವು. ಸಾವಿರ ಅಡಿ ಕೊರೆದರೂ ಧೂಳು ಬರುತ್ತಿತ್ತು, ಕೊಳವೆಬಾವಿಗೆ ಸಾಲ ಮಾಡಿ ಹೊಲ ಕಳೆದುಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ. ನಾನೂ ಅಂಥ ಮನೆಯಿಂದಲೇ ಹೊಲಿಗೆಗೆ ಬಂದವಳು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಸಂಸ್ಕರಿಸಿ ಪಂಪು ಮಾಡಿದ ನೀರು. ಒಂದರ ಕೋಡಿ ಇನ್ನೊಂದಕ್ಕೆ ಹರಿದು ನೂರಕ್ಕೂ ಹೆಚ್ಚು ಕೆರೆಗಳನ್ನು ತುಂಬಿಸುವ ಲೆಕ್ಕ. ಸ್ವಲ್ಪ ದಿನದಲ್ಲೇ ಅಲ್ಲಿ ನೊರೆ ಕಾಣಿಸಿ ವಿಷಯ ನ್ಯಾಯಾಲಯಕ್ಕೆ ಹೋಯಿತು.

ತುಂಬಿದ ಕೆರೆ ನೋಡಿ ನನ್ನ ಅಜ್ಜಿ ಅರಿಶಿನ ಕುಂಕುಮ ಇಟ್ಟು ಬಾಗಿನ ಬಿಟ್ಟಳು. ಆಕೆ ಅಷ್ಟು ವರ್ಷಗಳ ನಂತರ ನೀರು ಕಾಣುತ್ತಿದ್ದಳು. ಬತ್ತಿದ ಬಾವಿಗಳಲ್ಲಿ ನೀರು ಮೇಲೆ ಬಂತು, ಟೊಮೆಟೊ ಬೆಳೆ ಹೆಚ್ಚಿತು. ಇದೆಲ್ಲ ನಿಜ. ಮೂರನೇ ಹಂತದ ಸಂಸ್ಕರಣೆ ಮಾಡಿಯೇ ಕೊಡಿ ಎಂದು ನಮ್ಮ ಜಿಲ್ಲೆಯ ಹೋರಾಟಗಾರರು ಕೇಳುತ್ತಲೇ ಬಂದಿದ್ದಾರೆ, ಅದೂ ನಿಜ. ಆ ಟೊಮೆಟೊ ಬೆಂಗಳೂರಿನ ಮಾರುಕಟ್ಟೆಗೇ ಬರುತ್ತದೆ. ಈ ನೀರನ್ನು ಇನ್ನಷ್ಟು ಶುದ್ಧ ಮಾಡಿ ಎಂದು ನೀವು ನಗರದಿಂದ ಕೇಳಿದರೆ ನಮ್ಮ ದನಿಗೆ ಬಲ ಬರುತ್ತದೆ. ಬಾಗಿನ ಬಿಟ್ಟ ಅಜ್ಜಿಯ ಸಂತೋಷವನ್ನೂ ಅನುಮಾನ ಪಡುವ ನನ್ನ ಮನಸ್ಸನ್ನೂ ಒಂದೇ ಮನೆಯಲ್ಲಿ ಇಟ್ಟುಕೊಂಡು ಬದುಕುತ್ತಿದ್ದೇವೆ.

ಬೆಳ್ಳಂದೂರು ನಿವಾಸಿ, ಬೆಂಗಳೂರು

ಕೇಳುತ್ತೇವೆ. ನಮ್ಮ ನಿವಾಸಿಗಳ ಸಂಘದ ಮುಂದಿನ ಸಭೆಯಲ್ಲಿ ಇದನ್ನು ಮೊದಲ ವಿಷಯವಾಗಿ ಇಡುತ್ತೇನೆ. ನಮ್ಮ ಕಟ್ಟಡದ ಸ್ವಂತ ಸಂಸ್ಕರಣಾ ಘಟಕ ಸರಿಯಾಗಿ ನಡೆಯುತ್ತಿದೆಯೇ ಎಂಬುದರಿಂದಲೇ ಆರಂಭ.

ಧಾರವಾಡದ ಓದುಗ

ನಾನು ಇಲ್ಲಿ ಬಹುಶಃ ಎಲ್ಲರಿಗಿಂತ ಚಿಕ್ಕವನು. ಬೈಲಹೊಂಗಲದ ಕಡೆಯ ರೈತನ ಮಗ. ಧಾರವಾಡದಲ್ಲಿ ಕೋಣೆ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಪರಿಚಯವಿಲ್ಲದ ಮನೆಯವರಿಗೆ ಈ ದೇಶ ಇಟ್ಟಿರುವ ಒಂದೇ ತೆರೆದ ಬಾಗಿಲು ಲಿಖಿತ ಪರೀಕ್ಷೆ. ಉತ್ತರ ಪತ್ರಿಕೆಯ ಮೇಲೆ ಮನೆದೇವರ ಹೆಸರು ಇರುವುದಿಲ್ಲ, ಭಾವನ ಗೆಳೆಯರ ಫೋನ್ ಇರುವುದಿಲ್ಲ. ಆದ್ದರಿಂದಲೇ ಸಪ್ತಾಪುರದ ಒಂದೊಂದು ಕೋಣೆಯಲ್ಲಿ ಮೂರು ಮೂರು ಜನ ಮಲಗಿ, ಊರಿನಿಂದ ಬಸ್ಸಿನಲ್ಲಿ ಬರುವ ರೊಟ್ಟಿಯ ಗಂಟಿಗೆ ಕಾದು ಓದುತ್ತೇವೆ.

ಆ ಬಾಗಿಲು ಏನಾಯಿತು ನೋಡಿ. 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ನೇಮಕಾತಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. 2024ರ ಆಗಸ್ಟ್‌ನಲ್ಲಿ ನಡೆದ ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ಅನುವಾದದಲ್ಲಿ ಎಷ್ಟು ಕೆಟ್ಟಿದ್ದವೆಂದರೆ, ಕನ್ನಡದಲ್ಲಿ ಬರೆಯುವವರು ಪ್ರಶ್ನೆಯ ಅರ್ಥವನ್ನೇ ಊಹಿಸಬೇಕಾಯಿತು. ಡಿಸೆಂಬರ್‌ನಲ್ಲಿ ಮತ್ತೆ ನಡೆಸಿದರು, ಮತ್ತೆ ತಪ್ಪುಗಳು. ಕರ್ನಾಟಕದ ಸರ್ಕಾರ, ಕರ್ನಾಟಕದ ಹುದ್ದೆ, ಕನ್ನಡದಲ್ಲಿ ಓದಿದವನಿಗೆ ಹಿನ್ನಡೆ. ನನ್ನ ಗೆಳೆಯ ಇದೇ ವರ್ಷಗಳಲ್ಲಿ ವಯೋಮಿತಿ ದಾಟಿ ಊರಿಗೆ ಮರಳಿದ. ಅವನ ಪುಸ್ತಕಗಳು ನನ್ನ ಕೋಣೆಯಲ್ಲಿವೆ.

ಆದರೂ ಓದುವುದನ್ನು ಬಿಟ್ಟಿಲ್ಲ, ಏಕೆಂದರೆ ಆಯ್ಕೆಯಾದವರೂ ಇದ್ದಾರೆ. ನಮ್ಮ ಪಕ್ಕದ ಊರಿನ ಕುರಿ ಕಾಯುವವರ ಮಗಳು ಯಾರನ್ನೂ ಹಿಡಿಯದೆ, ಒಂದು ಪೈಸೆ ಕೊಡದೆ ಅಧಿಕಾರಿಯಾಗಿದ್ದಾಳೆ. ಆಕೆಯ ಹೆಸರು ಪಟ್ಟಿಯಲ್ಲಿ ಬಂದ ದಿನ ಇಡೀ ಊರು ಭಂಡಾರ ಎರಚಿ ಕುಣಿಯಿತು. ಇಂಥದ್ದು ಇನ್ನೂ ಸಾಧ್ಯವಿದೆ ಎಂಬ ಕಾರಣಕ್ಕೆ, ಅದನ್ನು ಹಾಳು ಮಾಡುವವರ ಮೇಲೆ ನನಗೆ ಇಷ್ಟು ಕೋಪ.

ಹಾಸನದ ಸರ್ ಅವರಲ್ಲಿ ಒಂದು ವಿನಂತಿ. ನೀವು ಹೇಳಿದ ಪೋಡಿಯ ಕಷ್ಟ ನಮ್ಮ ಮನೆಯಲ್ಲೂ ಇದೆ. ಅಪ್ಪ ಅರ್ಜಿ ಕೊಟ್ಟು ಬಹಳ ಕಾಲವಾಯಿತು. ಪ್ರತಿ ಸಲ ಬೇರೆ ಬೇರೆ ಕಾರಣ ಹೇಳುತ್ತಾರೆ. ನಿಮಗೆ ಬೆಳಗಾವಿ ಕಡೆ ಭೂಮಾಪನ ಇಲಾಖೆಯಲ್ಲಿ ಗೊತ್ತಿರುವವರು ಯಾರಾದರೂ ಇದ್ದರೆ...

ಕೃಷ್ಣೆಯ ದಂಡೆಯವನು, ಬೆಂಗಳೂರು

ತಮ್ಮಾ, ನಿನ್ನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಇಷ್ಟೆಲ್ಲ ಬರೆದ ಮೇಲೆ ನಾವೂ ಮತ್ತೆ ಅದೇ ಪ್ರಶ್ನೆಗೆ ಬಂದೆವಲ್ಲ. ನಿನ್ನ ತಂದೆಯ ಹಿಂದೆ ಸಾಲಿನಲ್ಲಿ ಇರುವವರಿಗೆ ಏನು ಹೇಳೋಣ?

ನಿವೃತ್ತ ಗ್ರಾಮಲೆಕ್ಕಿಗ, ಹಾಸನ

ಇಬ್ಬರ ಮಾತೂ ಸರಿ. ಬೆಳಗಾವಿಯಲ್ಲಿ ನನಗೆ ಗೊತ್ತಿರುವವರು ಇದ್ದಾರೆ, ಆದರೆ ಅವರಿಗೆ ಫೋನ್ ಮಾಡುವುದಿಲ್ಲ. ಮಾಡಿದರೆ ನಿಮ್ಮ ತಂದೆಯ ಅರ್ಜಿ ಮೇಲೆ ಬರುತ್ತದೆ, ಇನ್ನಾರದೋ ಕೆಳಗೆ ಹೋಗುತ್ತದೆ. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಳಗಿನಿಂದ ಕಲಿತದ್ದನ್ನು ಇಲ್ಲಿ ಎಲ್ಲರಿಗೂ ಕಾಣುವಂತೆ ಬರೆಯುತ್ತೇನೆ. ಯಾರಿಗೆ ಬೇಕೋ ಬಳಸಿಕೊಳ್ಳಲಿ.

ಅರ್ಜಿ ಕೊಟ್ಟಾಗ ಸ್ವೀಕೃತಿ ಕೊಟ್ಟಿರುತ್ತಾರೆ. ಸರ್ಕಾರಿ ಸೇವೆಯನ್ನು ಗೊತ್ತುಪಡಿಸಿದ ದಿನಗಳಲ್ಲಿ ಕೊಡಲೇಬೇಕು ಎನ್ನುವುದು ಸಕಾಲ ಕಾಯ್ದೆ; ಸ್ವೀಕೃತಿಯ ಮೇಲೆ ಅದರ 15 ಅಂಕಿಗಳ ಸಕಾಲ ಸಂಖ್ಯೆ ಇದೆಯೇ ನೋಡಿ. ಇದ್ದರೆ ಕೆಲಸ ಮುಗಿಸಬೇಕಾದ ದಿನಾಂಕವೂ ದಾಖಲಾಗಿರುತ್ತದೆ. ಆ ದಿನ ದಾಟಿದ್ದರೆ ಬಾಯಿಮಾತಿನಲ್ಲಿ ಕೇಳುವುದನ್ನು ಬಿಟ್ಟು ಸಕ್ಷಮ ಅಧಿಕಾರಿಗೆ ಲಿಖಿತ ಮೇಲ್ಮನವಿ ಕೊಡಿ. ಅಲ್ಲಿಯೂ ಆಗದಿದ್ದರೆ ಅದರ ಮೇಲೆ ಇನ್ನೊಂದು ಮೇಲ್ಮನವಿಗೆ ಅವಕಾಶವಿದೆ. ವಿಳಂಬವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ ಕಾಯ್ದೆಯಲ್ಲಿದೆ. ಮೊತ್ತ ಸಣ್ಣದು, ಆದರೆ ಅದು ತಪ್ಪಿತಸ್ಥ ನೌಕರನ ಸಂಬಳದಿಂದ ಹೋಗುವುದರಿಂದ ಕಡತ ಕದಲುತ್ತದೆ.

ಸ್ವೀಕೃತಿ ಕಳೆದಿದ್ದರೆ ಅಥವಾ ಸಕಾಲ ಸಂಖ್ಯೆ ಇಲ್ಲದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ. 10 ರೂಪಾಯಿ ಶುಲ್ಕ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. "ನನ್ನ ಕೆಲಸ ಏಕೆ ಆಗಿಲ್ಲ" ಎಂದು ಬರೆಯಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. "ಇಂಥ ಸರ್ವೆ ನಂಬರಿನ ಇಂಥ ದಿನಾಂಕದ ಅರ್ಜಿ ಈಗ ಯಾವ ಅಧಿಕಾರಿಯ ಬಳಿ, ಯಾವ ದಿನಾಂಕದಿಂದ ಇದೆ, ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ" ಎಂದು ಬರೆಯಿರಿ. 30 ದಿನಗಳಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ.

ಕೊನೆಗೆ, ಅಳತೆಗೆ ನೋಟಿಸ್ ಬಂದ ದಿನ ಅಕ್ಕಪಕ್ಕದ ಹೊಲದವರೆಲ್ಲರೂ ಹಾಜರಿರುವಂತೆ ಮುಂಚೆಯೇ ಮಾತಾಡಿಕೊಳ್ಳಿ. ಅರ್ಧದಷ್ಟು ಪೋಡಿಗಳು ನಿಲ್ಲುವುದು ಅಲ್ಲಿಯೇ, ಒಬ್ಬ ತಕರಾರು ಹಾಕಿದರೆ ಸಾಕು. ಅಣ್ಣತಮ್ಮಂದಿರಲ್ಲಿ ಯಾರಾದರೂ ಸಹಿ ಹಾಕಲು ಹಿಂಜರಿದರೆ ಅವರ ಮನೆಗೆ ನಿಮ್ಮ ತಂದೆಯೇ ಹೋಗಲಿ, ಮಧ್ಯದವರನ್ನು ಕಳುಹಿಸಬೇಡಿ. ಅರ್ಜಿಯ ಒಕ್ಕಣೆ ಬರೆದು ಇಲ್ಲಿಯೇ ಹಾಕಿ, ತಿದ್ದಿಕೊಡುತ್ತೇನೆ. ಯಾದಗಿರಿಯವರಿರಲಿ, ಕೋಲಾರದವರಿರಲಿ, ಬೇರೆ ಯಾರಾದರೂ ಹಾಕಿದರೆ ಅದನ್ನೂ ನೋಡುತ್ತೇನೆ. ಸರ್ವೆ ನಂಬರು, ಆಧಾರ್ ಸಂಖ್ಯೆಗಳನ್ನು ಮಾತ್ರ ಇಲ್ಲಿ ಬರೆಯಬೇಡಿ.